ಬಿತ್ತನೆ ಮರಿ ನಾಟಿ ಮೀನಿನ ಊಟ ಕಸಿಯುತ್ತದೆಯೇ?

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ. ಊರ ಕೆರೆಯನ್ನು ನಮ್ಮ ಮೀನುಗಾರರ ಸಹಕಾರ ಸಂಘ ಗುತ್ತಿಗೆ ಹಿಡಿದಿದೆ. ಪ್ರತಿ ಮಳೆಗಾಲ ಶುರುವಾಗುತ್ತಲೇ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಸಣ್ಣ ಮರಿ ತಂದು ಬಿಡುತ್ತೇವೆ. ಈಗೀಗ ಪಕ್ಕೆ, ಗಿರ್ಲು, ಚೇಳು ಮೀನಿನಂಥ ನಾಟಿ ಮೀನು ಬಲೆಗೆ ಬೀಳುವುದೇ ಕಡಿಮೆಯಾಗಿದೆ. ಸಾಕಿದ ಮರಿಗಳು ಬಂದು ಕೆರೆಯ ಮೀನಿನ ಊಟ ಕಿತ್ತುಕೊಂಡವು ಅಂತ ಹಿರಿಯರು ಹೇಳುತ್ತಾರೆ. ಇದು ನಿಜವೇ? ಹಾಗಾದರೆ ಮರಿ ಬಿಡುವುದನ್ನು ನಿಲ್ಲಿಸಬೇಕೇ? ಇನ್ನೊಂದು ಸಂಶಯ: ಒಂದೇ ದಿನ ಬಿಟ್ಟ ಮರಿಗಳಲ್ಲಿ ಕೆಲವು ಬೇಗ ದೊಡ್ಡವಾಗಿ, ಕೆಲವು ಹಾಗೇ ಉಳಿದುಬಿಡುತ್ತವೆ. ಅದು ಯಾಕೆ?

ಉತ್ತರ:

ನಿಮ್ಮ ಹಿರಿಯರ ಮಾತಿನಲ್ಲಿ ಹುರುಳಿದೆ, ಆದರೆ ಅದು ಪೂರ್ತಿ ಕಥೆಯಲ್ಲ. ಬೆಳೆದ ಕಾಟ್ಲಾ ಬಂದು ಬೆಳೆದ ಚೇಳು ಮೀನಿನ ಊಟ ಕಸಿಯುವುದಿಲ್ಲ. ಎರಡರ ಬಾಯಿ ಬೇರೆ, ಮೇಯುವ ಜಾಗ ಬೇರೆ. ಪೈಪೋಟಿ ನಡೆಯುವುದು ಮರಿಗಳ ನಡುವೆ, ಅದೂ ಮೊದಲ ಕೆಲವು ವಾರಗಳಲ್ಲಿ. ಆ ವಾರಗಳಲ್ಲಿ ಯಾವ ಮರಿ ಮೊದಲು ಬಂತು, ಯಾವುದು ಒಂದು ಸುತ್ತು ದೊಡ್ಡದಿತ್ತು, ಎಷ್ಟು ಸಂಖ್ಯೆಯಲ್ಲಿ ಬಂದವು ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹಾಗಾಗಿ ಮರಿ ಬಿಡುವುದನ್ನು ನಿಲ್ಲಿಸಬೇಕಾಗಿಲ್ಲ. ಎಷ್ಟುದ್ದದ ಮರಿ, ಯಾವಾಗ, ಎಷ್ಟು ಬಿಡುತ್ತೀರಿ ಅನ್ನುವುದನ್ನು ಬದಲಿಸಬೇಕು. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಾರಣ ಗೊತ್ತಿಲ್ಲದೆ ಸುಮ್ನೆ ಸಲಹೆ ಪಾಲಿಸಿದರೆ ಸಂಘದ ಸಭೆಯಲ್ಲಿ ಯಾರಾದರೂ ಪ್ರಶ್ನೆ ಕೇಳಿದಾಗ ಉತ್ತರ ಇರುವುದಿಲ್ಲ.

ಮೊದಲು ಮರಿ ಏನು ತಿನ್ನುತ್ತದೆ ನೋಡೋಣ. ರೋಹು ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಹೊರಬರುವ ಮರಿ ಸುಮಾರು 5 ಮಿಲಿಮೀಟರ್ ಉದ್ದ. ಮೊದಲ ಮೂರು ದಿನ ಹೊಟ್ಟೆಯಡಿಯ ಹಳದಿ ಚೀಲವೇ ಅದರ ಬುತ್ತಿ. ಅದು ಮುಗಿಯುವ ಹೊತ್ತಿಗೆ ಬಾಯಿ ತೆರೆಯುತ್ತದೆ. ಆ ಬಾಯಿಗೆ ಹಿಡಿಸುವುದು ತೀರಾ ಸಣ್ಣ ಪಾಚಿ ಕಣ ಮತ್ತು ರೋಟಿಫರ್ ಎಂಬ ಸಣ್ಣ ಜೀವಿ. ಕೆಲವು ದಿನಗಳ ನಂತರ ಮೊಯಿನಾ, ಡ್ಯಾಫ್ನಿಯಾದಂಥ ನೀರು ಚಿಗಟಗಳನ್ನು ಹಿಡಿಯಲು ಶುರುಮಾಡುತ್ತದೆ. ಪಾಚಿ ಬಿಟ್ಟು ಉಳಿದ ಇವೆಲ್ಲ ಸೇರಿ ಪ್ರಾಣಿ ಪ್ಲಾಂಕ್ಟನ್. ಮುಂದೆ ಹುಳು ಅಂತ ಹೇಳುವುದೂ ಇವನ್ನೇ. ಕೆರೆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಅಡ್ಡ ಹಿಡಿದರೆ ಪುಟಪುಟ ಹಾರುವ ಚುಕ್ಕಿಗಳು ಕಾಣುತ್ತವೆ ಅಲ್ವಾ, ಅವೇ.

ಇದು ರೋಹು ಒಂದರ ಕಥೆಯಲ್ಲ. ಕಾಟ್ಲಾ ಮರಿಗೂ ಇದೇ ಊಟ, ಇವುಗಳ ಜೊತೆ ಸಾಕುವ ಇನ್ನೊಂದು ಗೆಂಡೆಯಾದ ಮೃಗಾಲ್ ಮರಿಗೂ ಇದೇ. ಪಕ್ಕೆ ಮರಿ, ಚೇಳು ಮೀನಿನ ಮರಿ, ಮುಂದೆ ಬೇರೆ ಮೀನನ್ನೇ ನುಂಗುವ ಕೊರವನ ಮರಿ ಕೂಡ ಮೊದಲು ಇದನ್ನೇ ತಿಂದು ಬೆಳೆಯಬೇಕು. ದೊಡ್ಡವಾದ ಮೇಲೆ ಬೇರೆ ಬೇರೆ ಮನೆಯವರಾಗುವ ಮೀನುಗಳೆಲ್ಲ ಚಿಕ್ಕಂದಿನಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತವೆ.

ಬೇರೆಯಾಗುವುದು ನಿಧಾನವಾಗಿ. ಕಾಟ್ಲಾದ ಬಾಯಿ ಮೇಲ್ಮುಖವಾಗಿ ಅಗಲವಾಗುತ್ತದೆ, ಕಿವಿರಿನ ಒಳಗೆ ಒತ್ತೊತ್ತಾದ ಜರಡಿ ಕಡ್ಡಿಗಳು ಬೆಳೆಯುತ್ತವೆ. ಅದು ಮೇಲ್ಪದರದಲ್ಲೇ ಉಳಿದು ಜೀವನಪೂರ್ತಿ ಮುಖ್ಯವಾಗಿ ಪ್ರಾಣಿ ಪ್ಲಾಂಕ್ಟನ್ ಸೋಸಿ ತಿನ್ನುತ್ತದೆ. ರೋಹುವಿನ ತುಟಿಗೆ ಅಂಚು ಕುಚ್ಚು ಬರುತ್ತದೆ. ಅದು ನಡುನೀರಿನಲ್ಲಿ ಓಡಾಡುತ್ತ, ಗಿಡ-ಕಲ್ಲಿಗೆ ಅಂಟಿದ ಪಾಚಿ ಕೆರೆಯುತ್ತ, ಕೊಳೆತ ಸೊಪ್ಪು ತಿನ್ನುತ್ತ ಸಾಗುತ್ತದೆ. ಮೃಗಾಲ್ ತಳಕ್ಕಿಳಿದು ಕೆಸರಿನ ಮೇಲಿನ ಕೊಳೆ ತಿನ್ನುತ್ತದೆ. ಇದಕ್ಕೆ ತಕ್ಕಂತೆ ಕರುಳೂ ಬದಲಾಗುತ್ತದೆ. ಪುಟ್ಟ ಮರಿಯ ಕರುಳು ಗಿಡ್ಡ, ಹುಳು ಜೀರ್ಣಿಸಲು ಅಷ್ಟೇ ಸಾಕು. ಬೆಳೆದ ರೋಹುವಿನ ಕರುಳು ಮೈಯುದ್ದದ ಹಲವು ಪಟ್ಟು ಇರುತ್ತದೆ. ಸೊಪ್ಪು, ಪಾಚಿ ಕರಗಿಸಲು ಅಷ್ಟು ಬೇಕು. ಮರಿ ಬೆರಳುದ್ದ ಆಗುವ ಹೊತ್ತಿಗೆ ಈ ಬದಲಾವಣೆ ಬಹಳ ಮಟ್ಟಿಗೆ ಆಗಿರುತ್ತದೆ. ಇದನ್ನು ನೆನಪಿಡಿ, ಕೊನೆಗೆ ನಾನು ಹೇಳುವ ಸಲಹೆಗೆ ಇದೇ ಬುನಾದಿ.

ಈಗ ನಿಮ್ಮ ಕೆರೆಯ ಮಳೆಗಾಲಕ್ಕೆ ಬನ್ನಿ. ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳದ ಮಣ್ಣಿನಲ್ಲಿ ರೋಟಿಫರ್, ನೀರು ಚಿಗಟಗಳ ಗಟ್ಟಿ ಸಿಪ್ಪೆಯ ಮೊಟ್ಟೆಗಳು ಮಲಗಿರುತ್ತವೆ. ಮೊದಲ ನೀರು ತಾಗಿದೊಡನೆ ಅವು ಒಡೆಯುತ್ತವೆ. ಹಸುವಿನ ಸಗಣಿ, ಕೊಳೆತ ಹುಲ್ಲು ಕೊಚ್ಚಿ ಬಂದು ನೀರು ಫಲವತ್ತಾಗಿರುತ್ತದೆ. ಸಾಮಾನ್ಯವಾಗಿ ಮೊದಲು ರೋಟಿಫರ್ ಹೆಚ್ಚುತ್ತದೆ, ಆಮೇಲೆ ನೀರು ಚಿಗಟ, ಆಮೇಲೆ ಇನ್ನೊಂದು ಬಗೆಯ ಪ್ರಾಣಿ ಪ್ಲಾಂಕ್ಟನ್ ಆದ ಸೈಕ್ಲಾಪ್ಸ್‌ನಂಥವು. ಮರಿಯ ಬಾಯಿ ದೊಡ್ಡದಾಗುವ ಕ್ರಮಕ್ಕೂ ಇದಕ್ಕೂ ಹೊಂದಾಣಿಕೆ ಇದೆ. ಮಲೆನಾಡಿನಲ್ಲಿ ಹತ್ತುಮೀನು ಅಂತ ಕರೆಯುತ್ತೇವಲ್ಲ, ಮೊದಲ ಮಳೆಯ ಹೊಸ ನೀರಿಗೆ ಎದುರಾಗಿ ಹಳ್ಳ, ಗದ್ದೆ ಹತ್ತಿ ಮೊಟ್ಟೆ ಇಡುವ ಮೀನು, ಅದು ಸುಮ್ನೆ ಆ ಕಾಲವನ್ನು ಆರಿಸಿಕೊಂಡಿಲ್ಲ. ತೆಳು ನೀರಿನ ಗದ್ದೆಯಲ್ಲಿ ಮರಿಗೆ ಬೇಕಾದ ಊಟ ಎಲ್ಲಕ್ಕಿಂತ ಜಾಸ್ತಿ ಇರುವುದು ಆಗಲೇ.

ಆದರೆ ಈ ಸುಗ್ಗಿ ತುಂಬಾ ದಿನ ಇರುವುದಿಲ್ಲ. ಅದೇ ದಿನಗಳಲ್ಲಿ ನೀವು ಲಾರಿಯಲ್ಲಿ ಸಾವಿರಾರು ಮರಿ ತಂದು ಸುರಿಯುತ್ತೀರಿ. ಅವು 2-3 ಸೆಂಟಿಮೀಟರ್ ಉದ್ದದವು. ಆಗಷ್ಟೇ ಬಾಯಿ ಬಿಟ್ಟ ಪಕ್ಕೆ ಮರಿಗಿಂತ ನಾಲ್ಕೈದು ಪಟ್ಟು ಉದ್ದ, ಆದರೆ ಊಟ ಮಾತ್ರ ಇನ್ನೂ ಬದಲಾಗಿಲ್ಲ. ಕೆರೆಯ ಮರಿ ಒಂದು ಹುಳು ಹಿಡಿಯುವಷ್ಟರಲ್ಲಿ ಇದು ಹತ್ತಾರು ನುಂಗಿರುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಣ್ಣಿನಿಂದ ನೋಡಿ ಬೇಟೆಯಾಡುವ ಮೀನು ಸಾಮಾನ್ಯವಾಗಿ ದೊಡ್ಡ ಹುಳುವನ್ನೇ ಮೊದಲು ಆರಿಸುತ್ತದೆ. ಮರಿಗಳು ಜಾಸ್ತಿಯಾದಾಗ ದಪ್ಪ ಡ್ಯಾಫ್ನಿಯಾಗಳು ಮೊದಲು ಖಾಲಿಯಾಗಿ, ಸಣ್ಣವು ಮಾತ್ರ ಉಳಿಯುತ್ತವೆ. ಅಮೆರಿಕದ ಬ್ರೂಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು 1965ರಲ್ಲಿ ಕನೆಕ್ಟಿಕಟ್‌ನ ಸರೋವರಗಳಲ್ಲಿ ಇದನ್ನು ತೋರಿಸಿದರು. ಏಲ್‌ವೈಫ್ ಎಂಬ ಪ್ಲಾಂಕ್ಟನ್ ತಿನ್ನುವ ಮೀನು ಬಂದ ಸರೋವರದಲ್ಲಿ ದೊಡ್ಡ ಪ್ಲಾಂಕ್ಟನ್ ಹೆಚ್ಚುಕಡಿಮೆ ಮಾಯವಾಗಿ, ಸಣ್ಣ ಜಾತಿಗಳು ಆ ಜಾಗ ತುಂಬಿದ್ದವು. ನಮ್ಮ ಕೆರೆಯಲ್ಲಿ ಇದರ ಅರ್ಥ ಏನು? ತಡವಾಗಿ ಹುಟ್ಟಿದ ನಾಟಿ ಮರಿಗೆ ಮೊದಲ ವಾರದ ರೋಟಿಫರ್ ಸಿಗುತ್ತದೆ, ಆಮೇಲೆ ಬೆಳೆಯಲು ಬೇಕಾದ ದಪ್ಪ ಹುಳು ಸಿಗುವುದಿಲ್ಲ. ಅದು ಹಸಿವಿನಿಂದಲೇ ಸಾಯಬೇಕೆಂದಿಲ್ಲ. ನಿಧಾನವಾಗಿ ಬೆಳೆಯುತ್ತದೆ. ನಿಧಾನವಾಗಿ ಬೆಳೆದ ಮರಿ ಬೆನ್ನುಹುಳು ಎಂಬ ನೀರಿನ ಕೀಟ, ಕಪ್ಪೆ, ಕೊರವನ ಬಾಯಿಗೆ ಹೆಚ್ಚು ದಿನ ಒಡ್ಡಿಕೊಂಡಿರುತ್ತದೆ. ಊಟದ ಪೈಪೋಟಿಯಲ್ಲಿ ಸೋತ ಮರಿಯನ್ನು ಕೊನೆಗೆ ಕೊಲ್ಲುವುದು ಬಹಳ ಸಲ ಬೇರೆ ಪ್ರಾಣಿಯೇ.

ಒಂದೇ ದಿನ ಬಿಟ್ಟ ಮರಿಗಳಲ್ಲಿ ಗಾತ್ರ ಬೇರೆಯಾಗುವ ನಿಮ್ಮ ಸಂಶಯಕ್ಕೂ ಉತ್ತರ ಇಲ್ಲೇ ಇದೆ. ಕಾಟ್ಲಾ, ರೋಹು ಸೇರಿದಂತೆ ಗೆಂಡೆ ಜಾತಿಯ ಮರಿಗಳು ಊಟಕ್ಕಾಗಿ ಕಚ್ಚಾಡುವುದು ಕಡಿಮೆ. ಜಾಗ ಕಾಯುವುದಿಲ್ಲ, ಇನ್ನೊಂದನ್ನು ಓಡಿಸುವುದಿಲ್ಲ. ಸಿಕ್ಕಿದ್ದನ್ನು ಬೇಗ ಬೇಗ ತಿನ್ನುವುದಷ್ಟೇ ಅವುಗಳ ಪೈಪೋಟಿ. ಇವಕ್ಕೆ ಹೊಟ್ಟೆ ಎಂಬ ಚೀಲವೇ ಇಲ್ಲ. ಗಂಟಲಿನಿಂದ ನೇರ ಕರುಳಿಗೆ. ಒಮ್ಮೆಗೆ ಹೆಚ್ಚು ತಿಂದು ಕೂಡಿಟ್ಟುಕೊಳ್ಳಲು ಆಗುವುದಿಲ್ಲ, ಇಡೀ ದಿನ ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರಬೇಕು. ಹಾಗಾಗಿ ಮೊದಲ ವಾರ ಒಂದು ಮಿಲಿಮೀಟರ್ ಮುಂದಿದ್ದ ಮರಿ ಎರಡನೇ ವಾರ ದಪ್ಪ ಹುಳು ತಿನ್ನಬಲ್ಲದು, ಮೂರನೇ ವಾರ ಇನ್ನಷ್ಟು ಮುಂದೆ ಹೋಗುತ್ತದೆ. ಊಟ ಸಾಕಷ್ಟಿದ್ದಾಗ ಈ ಅಂತರ ಅಷ್ಟಾಗಿ ಕಾಣುವುದಿಲ್ಲ. ಕೊರತೆಯಾದಾಗ ಎದ್ದು ಕಾಣುತ್ತದೆ. ನಿಮ್ಮ ಕೆರೆಯಲ್ಲಿ ಒಂದೇ ತಂಡದ ಮರಿಗಳ ಗಾತ್ರದಲ್ಲಿ ಅಷ್ಟು ವ್ಯತ್ಯಾಸ ಬರುತ್ತಿದೆ ಅಂದರೆ, ಕೆರೆ ತಾಳುವುದಕ್ಕಿಂತ ಹೆಚ್ಚು ಮರಿ ಬಿಟ್ಟಿದ್ದೀರಿ ಅಂತಲೇ ನಾನು ಓದುತ್ತೇನೆ.

ಹಿಂದೆ ಉಳಿದ ಮರಿ ಕೆಟ್ಟ ಮರಿಯಲ್ಲ. ಆಂಧ್ರದ ಮೀನು ಕೃಷಿಕರು ಇದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಅವರು ರೋಹು, ಕಾಟ್ಲಾ ಮರಿಗಳನ್ನು ಬೇಕೆಂದೇ ಒತ್ತಾಗಿ, ಕಡಿಮೆ ಊಟದಲ್ಲಿ ಒಂದು ವರ್ಷ ಇಡುತ್ತಾರೆ. ಆಮೇಲೆ ದೊಡ್ಡ ಕೊಳಕ್ಕೆ ಬಿಟ್ಟು ಊಟ ಕೊಟ್ಟರೆ ಅವು ಭರ್ರನೆ ಬೆಳೆದು ಹಿಂದಿನ ಕೊರತೆ ತುಂಬಿಕೊಳ್ಳುತ್ತವೆ. ಈ ಗುಣ ನಿಮಗೂ ಉಪಯೋಗಕ್ಕೆ ಬರುತ್ತದೆ.

ಇನ್ನು ಸಾಕಿದ ಮರಿ ಮತ್ತು ಕಾಡು ಮರಿಯ ಸ್ವಭಾವದ ವ್ಯತ್ಯಾಸ. ಇದನ್ನು ಜಗತ್ತಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಅಳೆದಿರುವುದು, ಹೊಳೆಯಲ್ಲಿ ಹುಟ್ಟಿ ಕಡಲಲ್ಲಿ ಬೆಳೆದು ಮೊಟ್ಟೆ ಇಡಲು ಹೊಳೆಗೆ ಮರಳುವ ಅಟ್ಲಾಂಟಿಕ್ ಸಾಲ್ಮನ್ ಮೀನಿನಲ್ಲಿ, ನಾರ್ವೆ ಮತ್ತು ಐರ್ಲೆಂಡ್‌ನಲ್ಲಿ. ಅಲ್ಲಿನ ತಣ್ಣನೆಯ ಹೊಳೆಗಳಲ್ಲಿ ಸಾಲ್ಮನ್ ಮರಿ ಜಲ್ಲಿಯಿಂದ ಮೇಲೆ ಬಂದ ಕೆಲವೇ ದಿನಗಳಲ್ಲಿ ಒಂದು ಕಲ್ಲಿನ ಮರೆಯ ಜಾಗ ಹಿಡಿಯುತ್ತದೆ. ಹರಿವಿನಲ್ಲಿ ತೇಲಿ ಬರುವ ಹುಳುಗಳನ್ನು ಅಲ್ಲಿಂದಲೇ ಚಂಗನೆ ಹಾರಿ ಹಿಡಿಯುತ್ತದೆ. ಬೇರೆ ಮರಿ ಬಂದರೆ ಓಡಿಸುತ್ತದೆ. ನಮ್ಮ ಗೆಂಡೆಯಂತಲ್ಲ, ಇದು ನಿಜವಾಗಿ ಜಾಗಕ್ಕಾಗಿ ಜಗಳಾಡುವ ಮೀನು. ಮೊದಲು ಬಂದು ಕೂತದ್ದಕ್ಕೆ ಮೇಲುಗೈ, ದೊಡ್ಡದಕ್ಕೂ ಮೇಲುಗೈ.

ಸಾಕಣೆಯ ಸಾಲ್ಮನ್ ಅನ್ನು ತಲೆಮಾರಿನಿಂದ ತಲೆಮಾರಿಗೆ ಬೇಗ ಬೆಳೆಯುವುದಕ್ಕಾಗಿಯೇ ಆರಿಸಿದ್ದಾರೆ. ಬೇಗ ಬೆಳೆಯುವ ಮೀನು ಅಂದರೆ ಹಸಿವು ಜಾಸ್ತಿ ಇರುವ ಮೀನು. ಕೊಕ್ಕರೆಯೋ ದೊಡ್ಡ ಮೀನೋ ಬಂದಾಗ ಕಾಡು ಮರಿ ಅಡಗಿ ಬಹಳ ಹೊತ್ತು ಹೊರಬರುವುದಿಲ್ಲ. ಸಾಕಣೆ ತಳಿಯ ಮರಿ ಬೇಗ ಹೊರಬಂದು ಮತ್ತೆ ತಿನ್ನಲು ಶುರುಮಾಡುತ್ತದೆ. ಬಲೆ ಹರಿದು ತಪ್ಪಿಸಿಕೊಂಡ ಸಾಕಣೆ ಸಾಲ್ಮನ್ ಹೊಳೆ ಸೇರಿ ಮರಿ ಮಾಡಿದರೆ ಏನಾಗುತ್ತದೆ? ನಾರ್ವೆಯ ಇಮ್ಸಾ ಹೊಳೆಯಲ್ಲಿ ಎರಡೂ ಬಗೆಯ ಬೆಳೆದ ಮೀನುಗಳನ್ನು ಬಿಟ್ಟು ನೋಡಿದರು. ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಸಾಕಣೆ ಮೀನಿನ ಸಂತಾನದಲ್ಲಿ ದೊಡ್ಡದಾಗಿ ಹೊಳೆಗೆ ಮರಳಿದ್ದು ಕಾಡು ಮೀನಿನ ಶೇ 16ರಷ್ಟು ಮಾತ್ರ. ಅಂದರೆ ಅವು ಬಾಳಲಿಲ್ಲ. ಆದರೆ ಬಾಳದೆ ಹೋಗುವ ಮೊದಲು, ಮರಿಗಳಾಗಿದ್ದಾಗಲೇ, ಊಟ ಮತ್ತು ಜಾಗಕ್ಕಾಗಿ ಒತ್ತಿ ಕಾಡು ಮೀನಿನ ಉತ್ಪತ್ತಿಯನ್ನು ಶೇ 30ಕ್ಕೂ ಹೆಚ್ಚು ಇಳಿಸಿದ್ದವು. ಐರ್ಲೆಂಡ್‌ನ ಬರಿಷೂಲ್ ಹೊಳೆಯಲ್ಲೂ ಹೀಗೇ: ಸಾಕಣೆ ತಳಿಯ ಮರಿಗಳು ಬೇಗ ಬೆಳೆದು ಕಾಡು ಮರಿಗಳನ್ನು ಕೆಳಹರಿವಿಗೆ ತಳ್ಳಿದವು, ಕೊನೆಗೆ ತಾವೂ ಕಡಿಮೆ ಸಂಖ್ಯೆಯಲ್ಲಿ ಉಳಿದವು. ನನ್ನನ್ನು ಅತ್ಯಂತ ಚಿಂತೆಗೆ ಹಚ್ಚಿದ ಫಲಿತಾಂಶಗಳು ಇವು. ಇಬ್ಬರಲ್ಲಿ ಯಾರಿಗೂ ಲಾಭವಿಲ್ಲದ ಪೈಪೋಟಿಯೂ ಇರಬಹುದು ಅಂತ ಅವು ತೋರಿಸಿದವು.

ಸಾಲ್ಮನ್ ಕಥೆ ನಮಗ್ಯಾಕೆ ಅನ್ನಿಸಬಹುದು. ನಂಟು ಇದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು 1992ರಿಂದ ನಾರ್ವೆಯ ವಿಜ್ಞಾನಿಗಳ ಜೊತೆ ಸೇರಿ, ಸಾಲ್ಮನ್‌ನಲ್ಲಿ ಮಾಡಿದ ಆಯ್ಕೆಯ ಕ್ರಮವನ್ನೇ ರೋಹುವಿಗೂ ಅಳವಡಿಸಿತು. ಹಾಗೆ ಬಂದದ್ದೇ 'ಜಯಂತಿ ರೋಹು'. ಪ್ರತಿ ತಲೆಮಾರಿಗೆ ಸುಮಾರು ಶೇ 17ರಷ್ಟು ಬೆಳವಣಿಗೆ ಹೆಚ್ಚಿತು. ಕೊಳದಲ್ಲಿ ಊಟ ಹಾಕಿ ಸಾಕುವವರಿಗೆ ಇದು ತುಂಬಾ ಒಳ್ಳೆಯ ತಳಿ. ಊಟ ಹಾಕದ ಕೆರೆಗೆ ಬಿಟ್ಟಾಗ ಮಾತ್ರ ಆ ಹಸಿವು ಕೆರೆಯ ಮೇಲೇ ಬೀಳುತ್ತದೆ ಅನ್ನುವುದು ನೆನಪಿರಲಿ.

ಸಾಕಿದ ಮರಿಗೆ ಒಂದು ದೌರ್ಬಲ್ಯವೂ ಇದೆ. ಅದು ಚಿಕ್ಕಂದಿನಿಂದ ಕಡಲೆ ಹಿಂಡಿ, ತೌಡಿನ ಪುಡಿಯನ್ನೂ ತಿಂದು ಬೆಳೆದಿರುತ್ತದೆ. ಓಡುವ ಹುಳುವನ್ನು ಅಟ್ಟಿ ಹಿಡಿಯುವ ಅಭ್ಯಾಸ ಕಡಿಮೆ, ಹಕ್ಕಿಯ ನೆರಳಿಗೆ ಹೆದರುವ ಅಭ್ಯಾಸ ಇನ್ನೂ ಕಡಿಮೆ. ತೊಟ್ಟಿಯಲ್ಲಿ ಬೆಳೆದ ಸಾಲ್ಮನ್, ಟ್ರೌಟ್ ಮರಿಗಳನ್ನು ಹೊಳೆಗೆ ಬಿಟ್ಟ ಹೊಸದರಲ್ಲಿ ಹೊಟ್ಟೆ ಸೀಳಿ ನೋಡಿದರೆ, ತಿಂಡಿ ಗುಳಿಗೆಯಂತೆ ಕಾಣುವ ಕಲ್ಲು, ಕಡ್ಡಿ ಚೂರುಗಳು ಸಿಗುವುದುಂಟು. ತೊಟ್ಟಿಯಲ್ಲೇ ಗಿಡ, ಕಲ್ಲು ಇಟ್ಟು, ಜೀವಂತ ಹುಳು ಕೊಟ್ಟು ಬೆಳೆಸಿದ ಸಾಲ್ಮನ್ ಮರಿಗಳು ಹೊಸ ಬೇಟೆಯನ್ನು ಬೇಗ ಕಲಿತವು ಅಂತ ಪ್ರಯೋಗಗಳು ತೋರಿಸಿವೆ. ಹಾಗಾಗಿ ಸಣ್ಣ ಬಿತ್ತನೆ ಮರಿಯನ್ನು ನೇರ ಕೆರೆಗೆ ಸುರಿದರೆ ನಿಮಗೂ ನಷ್ಟ, ನಾಟಿ ಮರಿಗೂ ನಷ್ಟ. ಬಿಟ್ಟದ್ದರಲ್ಲಿ ಬಹುಪಾಲು ಸಾಯುತ್ತದೆ, ಸಾಯುವ ಮೊದಲು ಊಟ ಖಾಲಿ ಮಾಡಿರುತ್ತದೆ.

ನಮ್ಮ ದೇಶದ್ದೇ ಎರಡು ಪ್ರಕರಣ ಹೇಳುತ್ತೇನೆ. ಹಿಮಾಚಲದ ಭಾಕ್ರಾ ಅಣೆಕಟ್ಟಿನ ಹಿಂದಿರುವ ಗೋಬಿಂದ್ ಸಾಗರದಲ್ಲಿ ಕಾಟ್ಲಾ ಒಳ್ಳೆಯ ಬೆಳೆ ಕೊಡುತ್ತಿತ್ತು. 1971ರ ನೆರೆಯಲ್ಲಿ ದೇವಳಿ ಮೀನು ಫಾರಂನಿಂದ ಬೆಳ್ಳಿ ಗೆಂಡೆ ತಪ್ಪಿಸಿಕೊಂಡು ಜಲಾಶಯ ಸೇರಿತು. ಅಲ್ಲೇ ಮರಿ ಮಾಡಿ ಹೆಚ್ಚಿತು. ಕೆಲವು ವರ್ಷಗಳಲ್ಲಿ ಬಲೆಗೆ ಬೀಳುವ ಮೀನಿನಲ್ಲಿ ಅದೇ ಮುಖ್ಯವಾಯಿತು, ಕಾಟ್ಲಾ ಕುಸಿಯಿತು. ಬೆಳ್ಳಿ ಗೆಂಡೆಯ ಕಿವಿರಿನ ಜರಡಿ ಸ್ಪಂಜಿನ ಹಾಗಿರುತ್ತದೆ, ಕಾಟ್ಲಾದ ಜರಡಿಯಿಂದ ಜಾರಿಹೋಗುವ ಪುಟ್ಟ ಪಾಚಿ ಕಣವನ್ನೂ ಹಿಡಿಯುತ್ತದೆ. ಆ ಪಾಚಿಯೇ ನೀರು ಚಿಗಟಗಳ ಊಟ. ಹೀಗೆ ಕಾಟ್ಲಾಕ್ಕೆ ಎರಡು ಕಡೆಯಿಂದ ಪೆಟ್ಟು: ತನ್ನ ಊಟದಲ್ಲೂ ಪಾಲು ಹೋಯಿತು, ಊಟದ ಊಟದಲ್ಲೂ ಹೋಯಿತು.

ಇನ್ನೊಂದು ಕಾವೇರಿಯದು. ಅಲ್ಲಿ ಮಾತ್ರ ಸಿಗುವ ದೊಡ್ಡ ಮೀನಾದ ಗೂನು ಬೆನ್ನಿನ ಮಹಶೀರ್‌ಗೆ 'ಟಾರ್ ರೆಮಾದೇವಿ' ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನಂಚಿನ ಪಟ್ಟಿಗೂ ಸೇರಿತು. ಅದಕ್ಕೂ ದಶಕಗಳ ಮೊದಲಿನಿಂದ, ಲೋನಾವಳದಲ್ಲಿ ಸಾಕಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಒಳ್ಳೆಯ ಉದ್ದೇಶದಿಂದಲೇ ಬಿಡುತ್ತ ಬಂದಿದ್ದರು. ಗಾಳ ಹಾಕುವವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದಲ್ಲಿ ಒಂದು ಗುರುತು ಕಾಣುತ್ತದೆ. ನೀಲಿ ರೆಕ್ಕೆಯವು ಹೆಚ್ಚುತ್ತ, ಗಾತ್ರದಲ್ಲಿ ಚಿಕ್ಕವಾಗುತ್ತ ಹೋದವು. ಗೂನು ಬೆನ್ನಿನವು ಕಡಿಮೆಯಾಗುತ್ತ, ಸಿಕ್ಕವು ಮಾತ್ರ ಇನ್ನೂ ದೊಡ್ಡವಾಗುತ್ತ ಹೋದವು. ದೊಡ್ಡವು ಮಾತ್ರ ಸಿಗುತ್ತಿವೆ ಅಂದರೆ ಖುಷಿಪಡುವ ವಿಷಯವಲ್ಲ. ಹೊಸ ಮರಿಗಳು ಬೆಳೆದು ಬರುತ್ತಿಲ್ಲ ಅಂತ ಅರ್ಥ. ಕಾವೇರಿಗೆ ಅಣೆಕಟ್ಟು, ಡೈನಮೈಟ್, ಮರಳು ತೆಗೆಯುವಿಕೆಯ ಪೆಟ್ಟೂ ಬಿದ್ದಿದೆ, ಎಲ್ಲವನ್ನೂ ಊಟದ ಪೈಪೋಟಿಗೆ ಕಟ್ಟುವುದು ತಪ್ಪಾಗುತ್ತದೆ. ಆದರೂ ಸೋಲು ಮರಿಯ ಹಂತದಲ್ಲಿದೆ ಅನ್ನುವುದನ್ನು ಆ ಲೆಕ್ಕ ಸ್ಪಷ್ಟವಾಗಿ ಹೇಳುತ್ತದೆ.

ನಿಮ್ಮ ಕೆರೆಯಲ್ಲೂ ಬಿತ್ತನೆ ಮರಿ ಒಂದರ ಮೇಲೇ ತಪ್ಪು ಹೊರಿಸಬೇಡಿ. ಗದ್ದೆಗೆ ಹೊಡೆಯುವ ಔಷಧಿ, ಕೆರೆಗೂ ಹಳ್ಳಕ್ಕೂ ನಡುವೆ ಕಟ್ಟಿದ ಎತ್ತರದ ಅಡ್ಡಗೋಡೆ, ಮೊದಲ ಮಳೆಯಲ್ಲಿ ಮೊಟ್ಟೆ ತುಂಬಿದ ಹತ್ತುಮೀನನ್ನು ಕೂಣಿ (ಮೀನು ಹಿಡಿಯುವ ಬೋನು) ಇಟ್ಟು ಬಾಚುವುದು, ಇವುಗಳ ಪಾಲು ಕಡಿಮೆಯೇನಲ್ಲ. ಹತ್ತಿ ಹೋಗಲಾರದ ಮೀನಿಗೆ ಮರಿಯೇ ಇಲ್ಲ, ಇನ್ನು ಪೈಪೋಟಿ ಎಲ್ಲಿಂದ? ಜಿಲೇಬಿ ಮೀನು ಸೇರಿದೆಯೇ ಅಂತಲೂ ನೋಡಿ. 1952ರಲ್ಲಿ ದೇಶಕ್ಕೆ ಬಂದ ಮೊಜಾಂಬಿಕ್ ತಿಲಾಪಿಯಾ ಅದು. ಮೊಟ್ಟೆ, ಮರಿಯನ್ನು ಬಾಯಲ್ಲಿಟ್ಟು ಕಾಯುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಅದರ ಮರಿಗಳು ಎಲ್ಲ ಕಾಲದಲ್ಲೂ ದಡದ ತೆಳು ನೀರಿನಲ್ಲಿ, ಅಂದರೆ ನಾಟಿ ಮರಿಗಳ ಜಾಗದಲ್ಲೇ ಇರುತ್ತವೆ. ಬಿತ್ತನೆ ಗೆಂಡೆಗಿಂತ ಇದು ದೊಡ್ಡ ತೊಂದರೆ ಅಂತ ನನ್ನ ಅಭಿಪ್ರಾಯ. ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆಗೆ ನಿಷೇಧವಿದೆ. ಯಾರಾದರೂ ಕೆರೆಗೆ ಬಿಟ್ಟಿದ್ದರೆ ಕಂಡಕಂಡಲ್ಲಿ ಹಿಡಿದು ತೆಗೆಯಿರಿ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, 2-3 ಸೆಂಟಿಮೀಟರ್ ಮರಿಯನ್ನು ಜೂನ್-ಜುಲೈಯಲ್ಲಿ ನೇರ ಕೆರೆಗೆ ಬಿಡುವುದನ್ನು ಇಂದೇ ಕೈಬಿಡಿ. ಸಣ್ಣ ಮರಿ ತಂದರೂ ಅದನ್ನು ಬೇರೆ ಕೊಳದಲ್ಲಿ ಅಥವಾ ಕೆರೆಯ ಮೂಲೆಯಲ್ಲಿ ಬಲೆ ಕಟ್ಟಿ 2-3 ತಿಂಗಳು ಸಾಕಿ. 10 ಸೆಂಟಿಮೀಟರ್ ದಾಟಿದ ಮೇಲೆ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಕೆರೆಗೆ ಬಿಡಿ. ಮೀನುಗಾರಿಕೆ ಇಲಾಖೆಯಲ್ಲಿ ಬಲಿತ ಬಿತ್ತನೆ ಮರಿ ಅಂತ ಕೇಳಿದರೆ ಈ ಗಾತ್ರದ್ದು ಸಿಗುತ್ತದೆ. ಅಷ್ಟರಲ್ಲಿ ನಾಟಿ ಮರಿಗಳು ತಮ್ಮ ಮೊದಲ ವಾರಗಳನ್ನು ದಾಟಿರುತ್ತವೆ. ನಿಮ್ಮ ರೋಹು ಕೂಡ, ಮೃಗಾಲ್ ಸಾಕಿದ್ದರೆ ಅದೂ, ಹುಳು ಬಿಟ್ಟು ಪಾಚಿ, ಕೊಳೆಯ ಕಡೆ ತಿರುಗಿರುತ್ತವೆ. ದರ ಸ್ವಲ್ಪ ಜಾಸ್ತಿ, ಆದರೆ ಬದುಕುಳಿಯುವ ಮರಿ ಎಷ್ಟೋ ಪಟ್ಟು ಹೆಚ್ಚು.

ನಿಮ್ಮದು ಫೆಬ್ರವರಿಗೇ ಒಣಗುವ ಕೆರೆಯಾದರೆ ಅಕ್ಟೋಬರ್ ತಡವಾಯಿತು ಅಂತೀರಿ. ಅದಕ್ಕೇ ಆಂಧ್ರದವರ ದಾರಿ ಹೇಳಿದ್ದು. ಈ ವರ್ಷದ ಮರಿಯನ್ನು ಬೇಸಿಗೆ ದಾಟಿಸಿ, ಮುಂದಿನ ಮಳೆಗಾಲಕ್ಕೆ ವರ್ಷದ ಮರಿಯನ್ನೇ ಬಿಡಿ. ಅದು ಜೂನ್‌ನಲ್ಲೇ ಕೆರೆಗೆ ಬಂದರೂ ರೋಹು, ಮೃಗಾಲ್ ಆದರೆ ಪುಟ್ಟ ಮರಿಗಳ ಊಟಕ್ಕೆ ಅಷ್ಟಾಗಿ ಕೈಹಾಕುವುದಿಲ್ಲ. ಕಾಟ್ಲಾ ಮಾತ್ರ ದೊಡ್ಡದಾದರೂ ಪ್ರಾಣಿ ಪ್ಲಾಂಕ್ಟನ್ನೇ ತಿನ್ನುವುದರಿಂದ ಅದರ ಪಾಲು ಇಳಿಸಿ.

ಸಾಕುವ ಕೊಳದ ಬಗ್ಗೆ ಎರಡು ಮಾತು. ಅಲ್ಲಿ ಪೈಪೋಟಿ ಇಳಿಸುವ ಉಪಾಯ ಊಟ ಮೊದಲೇ ತಯಾರಿರುವುದು. ಹೆಕ್ಟೇರಿಗೆ 750 ಕಿಲೋ ಕಡಲೆ ಹಿಂಡಿ, 200 ಕಿಲೋ ಸಗಣಿ, 50 ಕಿಲೋ ಸೂಪರ್ ಫಾಸ್ಫೇಟ್ ಕಲಸಿದ ಗೊಬ್ಬರದಲ್ಲಿ ಅರ್ಧವನ್ನು ಮರಿ ಬಿಡುವ ಎರಡು ಮೂರು ದಿನ ಮೊದಲು, ಉಳಿದದ್ದನ್ನು ಎರಡು ಮೂರು ಕಂತಿನಲ್ಲಿ ಹಾಕುವುದು ಒಳ್ಳೆಯ ಪದ್ಧತಿ. 50 ಲೀಟರ್ ನೀರನ್ನು ಪ್ಲಾಂಕ್ಟನ್ ಬಲೆಯಲ್ಲಿ ಸೋಸಿದಾಗ 1 ಮಿಲಿಲೀಟರ್‌ನಷ್ಟು ತಳಕ್ಕೆ ಕೂತರೆ ಮರಿ ಬಿಡಬಹುದು. ಆಮೇಲೆ ಹಿಂಡಿ-ತೌಡನ್ನು ಸಮ ಪಾಲು ಬೆರೆಸಿ, ಆಗಷ್ಟೇ ಬಾಯಿ ಬಿಟ್ಟ ಪುಟ್ಟ ಮರಿಯಾದರೆ ಒಂದು ಲಕ್ಷಕ್ಕೆ ದಿನಕ್ಕೆ ಮೊದಲ ಐದು ದಿನ 600 ಗ್ರಾಂ, ನಂತರ 1,200 ಗ್ರಾಂ ಕೊಡಿ. ಒಂದೇ ಸಲ ಸುರಿಯದೆ ಬೆಳಗ್ಗೆ-ಸಂಜೆ ಹಂಚಿ, ಕೊಳದ ಸುತ್ತಲೂ ಎರಚಿ. ಒಂದೇ ಮೂಲೆಗೆ ಹಾಕಿದರೆ ದೊಡ್ಡ ಮರಿಗಳು ಅಲ್ಲೇ ಬೀಡುಬಿಡುತ್ತವೆ. ಸಾಕುವ ಕೊಳದಲ್ಲಿ ಮರಿ ಬಿಡುವ ಮೊದಲು ಹಿಪ್ಪೆ ಹಿಂಡಿ ಹಾಕಿ ಬೇರೆ ಮೀನನ್ನೆಲ್ಲ ತೆಗೆಯುವುದು ವಾಡಿಕೆ. ಅದು ಆ ಕೊಳಕ್ಕಷ್ಟೇ ಇರಲಿ. ಊರ ಕೆರೆಗೆ ದಯವಿಟ್ಟು ಮಾಡಬೇಡಿ, ಒಂದೇ ದಿನದಲ್ಲಿ ನಾಟಿ ಮೀನಿನ ಸಂತತಿಯೇ ಹೋಗುತ್ತದೆ.

ಸಂಖ್ಯೆ ಇಳಿಸಿ. ಗೊಬ್ಬರ, ತಿಂಡಿ ಹಾಕುವ ಕೊಳಕ್ಕೆ ಹೆಕ್ಟೇರಿಗೆ 5,000 ಮರಿ ಎನ್ನುವ ಲೆಕ್ಕವನ್ನು ಏನೂ ಹಾಕದ ಕೆರೆಗೆ ತಂದರೆ ಆಗುವುದಿಲ್ಲ. ಅದರ ಅರ್ಧಕ್ಕಿಂತಲೂ ಕೆಳಗಿರಿ. ಮೊದಲ ವರ್ಷ ಮೀನಿನ ತೂಕ ನೋಡಿ ಮುಂದಿನ ವರ್ಷ ಹೆಚ್ಚುಕಡಿಮೆ ಮಾಡಿ. ಸಾಮಾನ್ಯ ಗೆಂಡೆಯನ್ನು ನಾನಾದರೆ ಕೆರೆಗೆ ಹಾಕುವುದೇ ಇಲ್ಲ. ಅದು ತಳ ಕೆದಕಿ ನೀರು ರಾಡಿ ಮಾಡುತ್ತದೆ, ಗಿಡಗಳ ಬೇರು ಕೀಳುತ್ತದೆ. ರಾಡಿ ನೀರಿನಲ್ಲಿ ಕಣ್ಣಿನಿಂದ ಬೇಟೆಯಾಡುವ ಮರಿಗೆ ಹುಳು ಕಾಣುವುದಿಲ್ಲ. ಹುಲ್ಲು ಗೆಂಡೆಯನ್ನೂ ಯೋಚಿಸಿಯೇ ಕೆರೆಗೆ ಹಾಕಿ, ಅದು ತಿಂದು ಮುಗಿಸುವ ಜೊಂಡೇ ನಾಟಿ ಮರಿಗಳ ತೊಟ್ಟಿಲು. ಹಿನ್ನೀರಿನ ಕಡೆ ಒಂದಷ್ಟು ಉದ್ದ ಜೊಂಡು, ಗಿಡ ಹಾಗೇ ಇರಲಿ. ಅಲ್ಲಿ ಬಲೆ ಎಳೆಯಬಾರದು ಅಂತ ಸಂಘದಲ್ಲಿ ನಿರ್ಣಯ ಮಾಡಿ. ಮೊದಲ ದೊಡ್ಡ ಮಳೆಯ ನಂತರ ಒಂದು ವಾರ ಹಳ್ಳದ ಬಾಯಿಗೆ ಕೂಣಿ ಇಡಬೇಡಿ ಅಂತಲೂ ಸೇರಿಸಿ. ಹತ್ತುಮೀನು ಹಿಡಿಯುವುದು ನಮ್ಮ ಕಡೆ ಸಂಭ್ರಮದ ವಿಷಯ, ಗೊತ್ತು. ಇಳಿಯುವ ಮೀನು ಹಿಡಿಯಿರಿ, ಹತ್ತುವುದನ್ನು ಬಿಡಿ.

ಕಾಟ್ಲಾ, ರೋಹು, ಮೃಗಾಲ್ ಮೂಲದಲ್ಲಿ ಗಂಗಾ, ಸಿಂಧೂ, ಬ್ರಹ್ಮಪುತ್ರದಂಥ ಉತ್ತರದ ನದಿಗಳವು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಅವರು ಹಾರ್ಮೋನ್ ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆ ಇವುಗಳ ಮರಿ ದೇಶದ ಎಲ್ಲ ಕಡೆ ಸಿಗುವಂತಾಯಿತು. ನಮ್ಮ ನದಿಗಳಲ್ಲೂ ಸಾಕಬಹುದಾದ ಗೆಂಡೆಗಳಿವೆ. ತುಂಗಾ-ಭದ್ರಾ ಕಡೆಯ ಹರಗಿ ಮೀನು ನೀರಿನ ಗಿಡ ತಿಂದು ಬೆಳೆಯುತ್ತದೆ. ಅದನ್ನೂ, ಲೇಬಿಯೋ ಫಿಂಬ್ರಿಯೇಟಸ್ ಎಂಬ ದಕ್ಷಿಣದ ಗೆಂಡೆಯನ್ನೂ ಹೆಸರಘಟ್ಟದ ಸಿಹಿನೀರು ಜಲಕೃಷಿ ಕೇಂದ್ರದಲ್ಲಿ ಮರಿ ಮಾಡಿಸಿದ್ದಾರೆ. ಮರಿ ಸಿಕ್ಕಿದರೆ ರೋಹು, ಮೃಗಾಲ್ ಪಾಲಿನಲ್ಲಿ ಸ್ವಲ್ಪವನ್ನು ಇವಕ್ಕೆ ಕೊಡಿ. ಇವುಗಳ ಮರಿಗೂ ಪ್ರಾಣಿ ಪ್ಲಾಂಕ್ಟನ್ ಬೇಕು, ಹಾಗಾಗಿ ದೊಡ್ಡದು ಮಾಡಿಯೇ ಬಿಡಬೇಕು ಅನ್ನುವ ನಿಯಮ ಇವಕ್ಕೂ ಅನ್ವಯಿಸುತ್ತದೆ.

ಸಣ್ಣ ನಾಟಿ ಮೀನು ಉಳಿಸಿದರೆ ದೊಡ್ಡ ಮೀನಿನ ಇಳುವರಿ ಬೀಳುತ್ತದೆ ಅಂತ ಸಂಘದಲ್ಲಿ ಯಾರಾದರೂ ಹೇಳಬಹುದು. ಬಾಂಗ್ಲಾದೇಶದಲ್ಲಿ ಗೆಂಡೆಗಳ ಜೊತೆ ಮೋಲಾ ಎಂಬ ಸಣ್ಣ ಮೀನನ್ನು ಬೆಳೆಸಿ ನೋಡಿದಾಗ ಗೆಂಡೆಗಳ ಒಟ್ಟು ಇಳುವರಿ ಹೇಳಿಕೊಳ್ಳುವಷ್ಟು ಕುಗ್ಗಲಿಲ್ಲ. ಮನೆಯವರಿಗೆ ತಿನ್ನಲು ಮೋಲಾ ಹೆಚ್ಚುವರಿಯಾಗಿ ಸಿಕ್ಕಿತು. ತಲೆ ಸಮೇತ ತಿನ್ನುವ ಆ ಮೀನಿನಲ್ಲಿ, ಮುಖ್ಯವಾಗಿ ಕಣ್ಣಿನ ಭಾಗದಲ್ಲಿ, ವಿಟಮಿನ್ ಎ ತುಂಬಾ ಇದೆ. ಸಣ್ಣ ಮೀನಿನ ಪೋಷಕಾಂಶದ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಶಕುಂತಲಾ ಥಿಲ್‌ಸ್ಟೆಡ್ ಅವರಿಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ನಿಮ್ಮೂರ ಮನೆಗಳಲ್ಲಿ ಮಕ್ಕಳು, ಬಾಣಂತಿಯರು ತಿನ್ನುತ್ತಿದ್ದದ್ದೂ ಪಕ್ಕೆಯಂಥ ಸಣ್ಣ ಮೀನನ್ನೇ ಅಲ್ವಾ. ಕಾಟ್ಲಾ ಪೇಟೆಗೆ ಹೋಗುತ್ತದೆ.

ಬದಲಾವಣೆ ಆಗುತ್ತಿದೆಯೇ ಅಂತ ತಿಳಿಯಲು ದೊಡ್ಡ ಸಲಕರಣೆ ಬೇಡ. ಪ್ರತಿ ವರ್ಷ ಆಗಸ್ಟ್ ಕೊನೆಗೆ ಒಂದೇ ಜಾಗದಲ್ಲಿ, ಒಂದೇ ಸಣ್ಣ ಕಣ್ಣಿನ ಬಲೆಯನ್ನು ದಡದ ಗಿಡಗಳ ಅಂಚಿನಲ್ಲಿ ಎಳೆದು, ಯಾವ ಮರಿ ಎಷ್ಟು ಸಿಕ್ಕಿತು ಅಂತ ಸಂಘದ ಪುಸ್ತಕದಲ್ಲಿ ಬರೆದು, ಮರಿಗಳನ್ನು ವಾಪಸ್ ಬಿಡಿ. ಒಂದು ವರ್ಷದ ಅಂಕಿ ನೋಡಿ ನಿರ್ಧಾರಕ್ಕೆ ಬರಬೇಡಿ, ಮಳೆ ಹೆಚ್ಚುಕಡಿಮೆಯಾದರೆ ಮರಿಯೂ ಹೆಚ್ಚುಕಡಿಮೆಯಾಗುತ್ತದೆ. ಮೂರು ವರ್ಷದ ಲೆಕ್ಕ ಸಿಕ್ಕಿದಾಗ ನನಗೆ ಕಳಿಸಿ. ಪಕ್ಕೆ, ಗಿರ್ಲು ಹೆಚ್ಚುತ್ತಿದ್ದು ಚೇಳು ಮೀನು ಮಾತ್ರ ಬಾರದಿದ್ದರೆ ಕಾರಣ ಊಟದಲ್ಲಿಲ್ಲ. ಆಗ ಗದ್ದೆ ಔಷಧಿ ಮತ್ತು ಹಳ್ಳದ ಅಡ್ಡಗೋಡೆಯ ಕಡೆ ನೋಡಬೇಕು.